ಅವಳಿಗಳಿಗೊಂದು ಕಿವಿ ಮಷೀನು

ನನ್ನ ಸೊಸೆ ಮಕ್ಕಳ ನೆರವಿನ ಸಂಸ್ಥೆಯೊಂದರಲ್ಲಿ ಹಿರಿಯ ಡೇಟಾ ಇಂಜಿನಿಯರ್. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ, ಅವಳು ಗಂಟಲು ಸರಿಮಾಡಿಕೊಂಡರೆ ಸಾಕು, ಲಕ್ಷ ಮಕ್ಕಳು ಸಾಲಾಗಿ ನಿಲ್ಲುತ್ತಾರೆ ಎಂದು ಹೇಳಿಬಿಡುತ್ತಿದ್ದೆ. ನಿಜ ಅಷ್ಟು ಸೊಗಸಾಗಿಲ್ಲ. ಊರೂರಿನ ಕಾರ್ಯಕರ್ತರು ಫೋನಿನಲ್ಲಿ ಮಕ್ಕಳ ವಿವರ ಕಳಿಸುತ್ತಾರೆ. ಅದೆಲ್ಲ ಒಂದೆಡೆ ಬಂದು ಬಿದ್ದಿರುತ್ತದೆ, ಸಂತೆ ಮುಗಿದ ಬಯಲಿನ ಹಾಗೆ. ಅದನ್ನು ಗುಡಿಸಿ, ಆರಿಸಿ, ಯಾವ ಮಗುವಿಗೆ ಏನು ಸೇರಬೇಕೋ ಅದು ಸೇರುವಂತೆ ಮಾಡುವುದು ಅವಳ ಕೆಲಸ.

ಆ ವರ್ಷ ಕಾರ್ಯಕರ್ತರು ಒಂದೇ ಮಗುವನ್ನು ಎರಡೆರಡು ಸಲ ಬರೆಯುತ್ತಿದ್ದಾರೆಂದು ನಿರ್ದೇಶಕರಿಗೆ ತಲೆನೋವು. ಹೆಸರನ್ನು ನಂಬುವಂತಿರಲಿಲ್ಲ, ಒಬ್ಬರು ಮನೆಯ ಹೆಸರು ಬರೆದರೆ ಇನ್ನೊಬ್ಬರು ಶಾಲೆಯ ಹೆಸರು. ಹಾಗಾಗಿ ಸೊಸೆ ಹೆಸರನ್ನೇ ಬಿಟ್ಟು ಒಂದು ನಿಯಮ ಕಟ್ಟಿದಳು: ತಾಯಿ ಒಬ್ಬಳೇ, ಹುಟ್ಟಿದ ದಿನ ಒಂದೇ, ತೊಂದರೆ ಒಂದೇ ಆದರೆ ಮಗುವೂ ಒಂದೇ. ಕಂಪ್ಯೂಟರ್ ಒಂದೇ ಗುಟುಕಿಗೆ ಹೆಚ್ಚುವರಿ ಮಕ್ಕಳನ್ನೆಲ್ಲ ನುಂಗಿತು. ‘ನಕಲಿಗಳನ್ನು ನಿರ್ಮೂಲ ಮಾಡಿದೆವು’ ಎಂದು ನಿರ್ದೇಶಕರು ದಾನಿಗಳಿಗೆ ವರದಿ ಕಳಿಸಿದರು. ಸೊಸೆಗೆ ಗಾಜಿನ ಫಲಕ ಸಿಕ್ಕಿತು. ನನ್ನ ಹೆಂಡತಿ ಅದನ್ನು ಟಿವಿ ಪಕ್ಕದಲ್ಲಿಟ್ಟಳು.

ಒಂದು ಸಂಜೆ ಊಟಕ್ಕೆ ಕೂತಾಗ ನಾನು ಹಳೇ ಕಥೆ ತೆಗೆದೆ. ನನ್ನ ಹೆಂಡತಿ, ನಾದಿನಿ ಅವಳಿಗಳು. ಮದುವೆಯಾದ ಹೊಸದರಲ್ಲಿ ನಾದಿನಿಯನ್ನೇ ಹೆಂಡತಿ ಎಂದುಕೊಂಡು ಬಸ್ಸು ಹತ್ತಿಸಿದೆ. ನಾಲ್ಕಾರು ಊರು ದಾಟಿದ ಮೇಲೆ ಗೊತ್ತಾಯಿತು. ಏಕೆಂದರೆ ಆಕೆ ನನ್ನ ಮಾತಿಗೆ ನಗುತ್ತಿದ್ದಳು.

“ಬಸ್ಸಲ್ಲ, ಇವರು ಬಿಡ್ತಿರೋದು ರೈಲು,” ಎಂದಳು ಹೆಂಡತಿ.

“ಒಬ್ಬಳೇ ತಾಯಿ, ಹುಟ್ಟಿದ್ದೂ ಒಂದೇ ದಿನ, ಹಲ್ಲುನೋವು ಕೂಡ ಒಟ್ಟಿಗೇ ಬರ್ತಿತ್ತು ನಿಮಗೆ. ನಾನೇನು ಮಾಡ್ಲಿ?” ಎಂದೆ.

ಸೊಸೆಯ ಕೈಯ ತುತ್ತು ಅಲ್ಲೇ ನಿಂತಿತು. “ಮಾವ, ಇನ್ನೊಂದ್ಸಲ ಹೇಳಿ.”

ಹೇಳಿದೆ. ಅವಳು ಕೈ ತೊಳೆದು ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಅವಳಿ ಅತ್ತೆಯ ಜೊತೆ ದಿನಾ ಉಣ್ಣುವವಳಿಗೆ ನಿಯಮ ಬರೆಯುವಾಗ ಅವಳಿಗಳ ನೆನಪೇ ಬಂದಿರಲಿಲ್ಲ.

ಹುಡುಕಿದಂತೆಲ್ಲ ಅಂಥ ಅವಳಿಗಳು ಸಿಕ್ಕರು. ಅವರಲ್ಲಿ ಇಬ್ಬರು ಕಿವಿ ಕೇಳದ ಅಕ್ಕತಂಗಿ. ಅವರಿಗೆ ಹೋಗಿದ್ದು ಒಂದೇ ಕಿವಿ ಮಷೀನು. ಸೊಸೆ ಆ ಊರಿನ ಕಾರ್ಯಕರ್ತೆಗೆ ಫೋನ್ ಮಾಡಿದಳು.

“ನಾವು ಕೇಳಿದ್ವಿ ಮೇಡಂ. ಅಂಥ ಮಗುನೇ ಇಲ್ಲ ಅಂದ್ರು ನಿಮ್ಮೋರು. ನಮ್ಮ ಕಣ್ಣೇ ಸರಿಯಿಲ್ವೇನೋ ಅಂತ ಸುಮ್ಮನಾದ್ವಿ. ಈಗ ಬೆಳಿಗ್ಗೆ ಅಕ್ಕ ಹಾಕ್ಕೋತಾಳೆ, ಮಧ್ಯಾಹ್ನ ತಂಗಿ.”

ಮಷೀನಿಗೆಂದು ಕಿವಿಯ ಅಳತೆ ತೆಗೆಯುವವರು ಅತ್ತ ಹೋಗುವುದು ವರ್ಷಕ್ಕೊಂದೇ ಸಲ, ಮುಂದಿನ ವಾರ ಹೊರಡುವವರಿದ್ದರು. ಅಷ್ಟರೊಳಗೆ ತಂಗಿ ಲೆಕ್ಕಕ್ಕೆ ಮರಳದಿದ್ದರೆ ಮತ್ತೊಂದು ವರ್ಷ ಅರ್ಧ ದಿನದ ಕಿವಿಯೇ ಗತಿ. ಸೊಸೆ ನಿಯಮ ತಿದ್ದಿದಳು. ಆದರೆ ತಿದ್ದಿದ್ದು ಜಾರಿಗೆ ಬರಲು ನಿರ್ದೇಶಕರು ಒಪ್ಪಿಗೆಯ ಗುಂಡಿ ಒತ್ತಬೇಕು. ಒಬ್ಬರ ತಪ್ಪಿನ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂದು ಆ ಪದ್ಧತಿ ತಂದವಳೂ ಅವಳೇ.

ನಿರ್ದೇಶಕರು ಏನೆಂದರು ಎಂಬುದನ್ನು ಮನೆಗೆ ಬಂದು ಅವರದೇ ಧಾಟಿಯಲ್ಲಿ ಆಡಿ ತೋರಿಸಿದಳು.

“ವಾರ್ಷಿಕ ಸಮಾರಂಭ ಮುಗೀಲಿ ಕಣಮ್ಮ. ನಕಲಿ ಅಂತ ತೆಗೆದೋರನ್ನ ಈಗ ಅಸಲಿ ಅಂದ್ರೆ ದಾನಿಗಳಿಗೆ ಹೇಗೆ ಮುಖ ತೋರಿಸ್ಲಿ?”

“ಅಳತೆಯೋರು ಅಷ್ಟರಲ್ಲಿ ಹೋಗಿ ಬಂದಿರ್ತಾರೆ ಸರ್.”

“ಮುಂದಿನ ವರ್ಷನೂ ಹೋಗ್ತಾರಲ್ಲ.”

“ಒಂದು ವಾರ ಕಿವೀಲಿ ಹತ್ತಿ ಇಟ್ಕೊಂಡು ಬನ್ನಿ ಸರ್, ಆಮೇಲೆ ಮಾತಾಡೋಣ.”

“ಹತ್ತಿ ಇಲ್ದೇನೇ ನಿಮ್ಮ ಮಾತು ಕೇಳಿಸ್ತಿಲ್ಲ ನನಗೆ,” ಎಂದು ನಕ್ಕರಂತೆ.

ಅವಳು ಅಳತೆಯವರನ್ನೇ ಅಂಗಲಾಚಿದಳು. ಲೆಕ್ಕದಲ್ಲಿಲ್ಲದ ಕಿವಿಗೆ ಅಳತೆ ತೆಗೆಯೋ ಹಾಗಿಲ್ಲ ಎಂದು ಅವರು ಹೊರಟುಹೋದರು.

ಸಮಾರಂಭಕ್ಕೆ ನಾವೂ ಹೋಗಿದ್ದೆವು. ಮಷೀನು ಸಿಕ್ಕ ಮಗುವೆಂದು ಅಕ್ಕನನ್ನು ವೇದಿಕೆಗೆ ಕರೆದರು. ತಂಗಿ ಕೆಳಗೆ ತಾಯಿಯ ಪಕ್ಕದಲ್ಲಿದ್ದಳು. ಅಕ್ಕ ಬಾಯಿಪಾಠ ಮಾಡಿದ್ದ ಧನ್ಯವಾದ ಒಪ್ಪಿಸಿದಳು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಯಾರೂ ಕರೆಯದೆ ತಂಗಿ ಎದ್ದು ನೇರ ವೇದಿಕೆ ಹತ್ತಿದಳು. ಅಕ್ಕ ಮಷೀನು ಬಿಚ್ಚಿ ಅವಳ ಕಿವಿಗೆ ಸಿಕ್ಕಿಸಿ, ಮೈಕಿನಲ್ಲಿ, “ಈಗ ಇವಳ ಸರದಿ,” ಎಂದಳು.

ಕೊಂಯ್ ಎಂದು ಸದ್ದು ಎದ್ದಿತು.

“ಸೌಂಡ್ ಕಮ್ಮಿ ಮಾಡಪ್ಪ,” ಎಂದು ನಿರ್ದೇಶಕರು ಮೈಕಿನವನಿಗೆ ಹೇಳಿದರು. ನಾನೂ ಕಿವಿಗೆ ಮಷೀನು ಹಾಕಿಕೊಳ್ಳುವವನೇ. ಅದು ಮೈಕಿನ ಸದ್ದಲ್ಲ. ಒಬ್ಬರ ಕಿವಿಗೆ ಮಾಡಿದ ಅಚ್ಚು ಇನ್ನೊಬ್ಬರಿಗೆ ಕೂರದಿದ್ದರೆ ಮಷೀನು ಹಾಗೆ ಶಿಳ್ಳೆ ಹೊಡೆಯುತ್ತದೆ. ಅಷ್ಟರಲ್ಲಿ ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ದಾನಿಗಳು ಕಣ್ಣೊರೆಸಿಕೊಂಡರು. ಸೊಸೆಯ ಕೈಗಳು ಮಡಿಲಿನಿಂದ ಮೇಲೇಳಲಿಲ್ಲ.

ಆ ಫೋಟೋ ಈಗ ಸಂಸ್ಥೆಯ ಬಾಗಿಲಲ್ಲಿ ಆಳೆತ್ತರಕ್ಕೆ ನಿಂತಿದೆ. ಕೆಳಗೆ ‘ಹಂಚಿಕೊಂಡು ಬಾಳುವ ಪುಟ್ಟ ಮನಸ್ಸು’ ಎಂದು ಬರೆಸಿದ್ದಾರೆ. ಸಮಾರಂಭದ ಮರುದಿನವೇ ನಿರ್ದೇಶಕರು ಗುಂಡಿ ಒತ್ತಿದರು. ಮರಳಿ ಬಂದ ಮಕ್ಕಳೆಲ್ಲ ಮುಂದಿನ ವರದಿಯಲ್ಲಿ ‘ಹೊಸದಾಗಿ ತಲುಪಿದ ಮಕ್ಕಳು’ ಆದರು. ಸೊಸೆಗೆ ಇನ್ನೊಂದು ಫಲಕ ಬಂತು.

“ಮಾವ, ಇಷ್ಟು ಉದ್ದದ ರೈಲು ನೀವ್ಯಾವತ್ತಾದ್ರೂ ಬಿಟ್ಟಿದ್ರಾ?” ಎಂದು ಕೇಳಿದಳು.

“ಇಲ್ಲ ಕಣಮ್ಮ. ನನ್ನ ರೈಲಿನ ಕೆಳಗೆ ಯಾರೂ ಸಿಕ್ಕಿಲ್ಲ.”

ಅಳತೆಯವರು ಮತ್ತೆ ಅತ್ತ ಹೋಗುವ ಸರದಿ ಇನ್ನೂ ಬಂದಿಲ್ಲ. ಶಿಳ್ಳೆಯಿಂದ ಪಾಠಕ್ಕೆ ತೊಂದರೆ ಎಂದು ಮೇಷ್ಟ್ರು ತಂಗಿಯನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ್ದಾರಂತೆ.