ಬೆಕ್ಕುಗಳ ವಾಟಣಿ

ಮೊಮ್ಮಕ್ಕಳೇ, ನಮ್ಮ ಮನೆಗೆ ನನಗಿಂತ ನಾಚಿಕೆಯವಳೊಬ್ಬಳು ಬಂದಿದ್ದಾಳೆ. ಬಂದವಳೇ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಹಿಂದೆ ಹೋಗಿ ಕೂತಳು. (ಅದು ನನ್ನ ಮೂಲೆ. ಬೀಗರು ಬಂದರೆ ನಾನು ನಿಲ್ಲುವುದೂ ಅಲ್ಲೇ.)

ಹೆಸರು ಸೋನಿ. ಬೆಕ್ಕು. ನಿಪ್ಪಾಣಿಯ ಹಳೆಯ ತಂಬಾಕಿನ ಗೋದಾಮು ಕೆಡವುವಾಗ ಸಿಕ್ಕಿದ್ದು. ಜೊತೆಗಿದ್ದವನು ಕಿವಿ ಹರಿದ ಗಂಡುಬೆಕ್ಕು, ರಾಜಾ. ಎರಡನ್ನೂ ಕಾಪಾಡಿದ್ದು ಪಲ್ಲವಿಗೆ ಶಾಲೆಯಲ್ಲಿ ಕಲಿಸುವ ಅಕ್ಕೋರು.

"ಒಯ್ದರ ಎರಡೂ ಒಯ್ಯಿರಿ. ರಾಜಾ ಬಾಜೂಕ ಇದ್ರಷ್ಟ ಸೋನಿ ತಿಂತಾಳ್ರಿ" ಎಂದರು ಅಕ್ಕೋರು. ಪಲ್ಲವಿಯ ಅಪ್ಪ, ನನ್ನ ಸಣ್ಣ ಮಗ ಬಸು, "ಹೂಂನ್ರೀ" ಎಂದು ತಂದ.

ಮನೆಗೆ ಬಂದ ಮೇಲೆ ಬುದ್ಧಿ ಓಡಿಸಿದ. "ಎರಡ್ಯಾಕ? ರಾಜಾನ್ನ ಕರೋಶಿಗೆ ಅಣ್ಣನ ಮನಿಗೆ ಕಳಸೂನು. ಅಲ್ಲೆ ಇಲಿ ಭಾಳ ಅದಾವ. ಮನಿಗೊಂದ ಆತು."

"ಪಪ್ಪಾ, ಅವನ್ನ ಅಗಲಸಬ್ಯಾಡ" ಎಂದು ಪಲ್ಲವಿ ಅತ್ತಳು.

"ಏ ಹುಚ್ಚಿ, ಅವಕ್ಕೇನ ಲಗ್ನ ಆಗೇತೇನ?"

ಹಂಚುವುದರಲ್ಲಿ ನಮ್ಮ ಮನೆಯವರ ಕೈ ಪಳಗಿದೆ. ಆಸ್ತಿ ವಾಟಣಿಯಲ್ಲೂ ಯಾರ ದನಿಯೂ ಏರಲಿಲ್ಲ. ಕಬ್ಬಿನ ಹೊಲ ಅರ್ಧರ್ಧ. ಬಾವಿಯ ನೀರು ಪಾಳಿಯ ಮೇಲೆ. ನಿಮ್ಮ ಅಜ್ಜ ದೊಡ್ಡವನ ಪಾಲಿಗೆ ಕರೋಶಿಯಲ್ಲಿ, ನಾನು ಸಣ್ಣವನ ಪಾಲಿಗೆ ನಿಪ್ಪಾಣಿಯಲ್ಲಿ. ಪಂಚರು ಚಹಾ ಕುಡಿದು, "ಎಷ್ಟ ಚೊಲೊ ಹುಡುಗೂರು! ಹಿರಿಯಾರನ್ನ ನೋಡಕೊಳ್ಳಾಕ ಇಬ್ರೂ ಒಪ್ಯಾರ" ಎಂದು ಹೊಗಳಿ ಹೋದರು. ಹೊಗಳುವಂಥದ್ದೇ, ಬಿಡಿ. ಎಷ್ಟು ಮನೆಗಳಲ್ಲಿ ಯಾರಿಗೂ ಯಾರೂ ಬೇಡ!

ಆಮೇಲೆ ನಿಮ್ಮ ಅಜ್ಜ ಹಬ್ಬಕ್ಕೆ ಬೀಗರಂತೆ ಬರುತ್ತಿದ್ದರು. ನಾನು ಸೆರಗು ಹೊದ್ದು ಅಡುಗೆಮನೆಯ ಬಾಗಿಲಿನಿಂದಲೇ, "ಯಾವ ಬಸ್ಸಿಗೆ ಹೊಂಟ್ರಿ?" ಎನ್ನುತ್ತಿದ್ದೆ.

"ಐದರ ಬಸ್ಸಿಗೆ."

ಮುಗಿಯಿತು ಸಂಸಾರ. ಅವರು ತೀರಿಕೊಂಡ ಸುದ್ದಿಯೂ ಫೋನಿನಲ್ಲೇ ಬಂತು.

ಇರಲಿ, ಬೆಕ್ಕಿನ ಮಾತಿಗೆ ಬರೋಣ. ರಾಜಾ ಕರೋಶಿಗೆ ಹೋದ. ಸೋನಿ ಹಾಲು ಮೂಸಲಿಲ್ಲ. ಪ್ಯಾಕೆಟ್ಟಿನ ತುಟ್ಟಿ ತಿಂಡಿ ತಂದಿಟ್ಟರೂ ಮೂಲೆ ಬಿಡಲಿಲ್ಲ. ಪಕ್ಕೆಲುಬು ಕಾಣತೊಡಗಿದವು. ದನದ ಡಾಕ್ಟರು ಬಂದು ನೋಡಿ, "ಇದಕ್ಕ ರೋಗ ಇಲ್ರಿ. ಹಿಂಗ ಉಪಾಸ ಬಿದ್ರ ಮಾತ್ರ ಉಳಿಯೂದಿಲ್ಲ. ಇದರ ಸಂಗಾತಿ ಎಲ್ಲೈತಿ?" ಎಂದರು.

ಸೊಸೆ ಮೊಬೈಲಿನಲ್ಲಿ ಹುಡುಕಿ ಓದಿದಳು. ಡಿಪ್ರೆಶನ್ ಅಂತೆ! (ವಾಟಣಿಯಾದ ವರ್ಷ ನನಗೂ ಊಟ ಸೇರುತ್ತಿರಲಿಲ್ಲ. ಆಗ ಅದಕ್ಕೆ ಪಿತ್ತ ಎನ್ನುತ್ತಿದ್ದರು. ಜೀರಿಗೆ ಕಷಾಯ ಕೊಟ್ಟರು.)

ಬಸು ಬೈಕ್ ಹತ್ತಿದ. ಸಂಜೆಗೆ ಬುಟ್ಟಿಯಲ್ಲಿ ರಾಜಾನನ್ನು ತಂದು ಬಿಟ್ಟ. ರಾಜಾ ನೇರ ಸಿಲಿಂಡರ್ ಹಿಂದೆ ನುಗ್ಗಿ ಸೋನಿಯ ಹಣೆ ನೆಕ್ಕಿದ. ಸ್ವಲ್ಪ ಹೊತ್ತಿಗೆ ಎರಡೂ ಹೊರಗೆ ಬಂದವು. ಸೋನಿ ತಟ್ಟೆ ಖಾಲಿ ಮಾಡಿದಳು.

ನನ್ನ ಮಗನ ಕಣ್ಣಲ್ಲಿ ನೀರು! (ಅವನ ಕರುಳು ಮೆತ್ತಗೆಯೇ. ಮೊದಲಿನಿಂದಲೂ.)

"ಅಗಲಸಬಾರದಿತ್ತಬೇ ಅವ್ವಾ" ಎಂದ. "ಪಾಪ, ಬಾಯಿಲ್ಲದ ಜೀವ. ಬಾಯಿ ಇದ್ದಿದ್ರ ಹೇಳತಿತ್ತಲ್ಲ?"

ನಾನು ಸೆರಗು ಸರಿಮಾಡಿಕೊಂಡು ಖಾಲಿ ತಟ್ಟೆ ಎತ್ತಿಟ್ಟೆ.

ನಮಗೆ ಬಾಯಿ ಇತ್ತಲ್ಲ ಮಕ್ಕಳೇ, ಕೇಳಿದವರು ಯಾರು?