ಹಗೇವಿನ ಮನೆ

ಕೆರೆ ತುಂಬಿದರೆ ಊರಿಗೆಲ್ಲ ಸಂತೋಷ, ನಮ್ಮ ಬೀದಿಗೆ ಮಾತ್ರ ಇಲ್ಲ. ಕೊಳ್ಳೇಗಾಲದಲ್ಲಿ ನಾವು ಬಾಡಿಗೆಗೆ ಇದ್ದದ್ದು ಕೆರೆಯ ಕೆಳಗಿನ ಬೀದಿಯಲ್ಲಿ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಆಗ ಎಲ್ಲರದೂ ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ನೇಯುವವನು ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು ಕೆಳಗಿನ ಹಲಗೆ ತುಳಿಯಬೇಕು. ಕೆರೆ ತುಂಬಿ ಎಂಟು ದಿನಕ್ಕೆ ನಮ್ಮ ಗುಂಡಿಯಲ್ಲಿ ನೀರು ಜಿನುಗುತ್ತಿತ್ತು. ಬೆಳಿಗ್ಗೆ ನಾನು ಚಿಪ್ಪಿನಲ್ಲಿ ಮೊಗೆದು ಹೊರಗೆ ಹಾಕುತ್ತಿದ್ದೆ. ಮಧ್ಯಾಹ್ನಕ್ಕೆ ಮತ್ತೆ ಹಿಮ್ಮಡಿ ಮುಳುಗುವಷ್ಟು ಬಂದಿರುತ್ತಿತ್ತು. ನನ್ನ ಗಂಡ ಅದರಲ್ಲೇ ಕಾಲಿಟ್ಟುಕೊಂಡು ನೇಯುತ್ತಿದ್ದರು.

ಮೂರನೆಯ ವರ್ಷ ಬೆರಳ ಸಂದಿ ಕೊಳೆಯಿತು. ನಾಲ್ಕನೆಯ ವರ್ಷ ಎಡಗಾಲಿನ ಎರಡು ಬೆರಳು ಕಪ್ಪಾದವು, ಆಸ್ಪತ್ರೆಯಲ್ಲಿ ತೆಗೆದರು. ಇನ್ನೊಂದು ಮಳೆಗಾಲ ನೀರಲ್ಲಿ ಕೂತರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಪಾದ ಇಲ್ಲದವನು ಮಗ್ಗ ತುಳಿಯುವುದು ಹೇಗೆ? ಮುಂದಿನ ಮಳೆಯೊಳಗೆ ಒಣ ನೆಲದ ಮನೆ ಬೇಕಾಯಿತು. ಬಾಡಿಗೆಗೆ ಕೊಡುವವರು ಹೊಸ ಗುಂಡಿ ತೋಡಲು ಬಿಡುವುದಿಲ್ಲ. ಕೊಂಡೇ ಆಗಬೇಕು.

ಕೊಳ್ಳಬೇಕು ಎನ್ನುವವರು ನಾವೊಬ್ಬರೇ ಅಲ್ಲ. ಯುದ್ಧ ಮುಗಿದ ಮೇಲೆ ಸೀರೆಗೆ ಗಿರಾಕಿ ಹೆಚ್ಚಿತ್ತು, ಮಗ್ಗದವರ ಕೈ ಚೆನ್ನಾಗಿತ್ತು. ಮೇಲಿನ ಬೀದಿಯಲ್ಲಿ ಸಾಯಂಕಾಲ ಒಂದು ಮನೆ ನೋಡಿ ಬಂದರೆ ಬೆಳಿಗ್ಗೆ ಹೊತ್ತಿಗೆ ಬೇರೆಯವರ ಜೊತೆ ಎಲೆ ಅಡಿಕೆ ಬದಲಾಯಿಸಿರುತ್ತಿದ್ದರು. ಹಾಗೆ ಮೂರು ಮನೆ ಹೋದವು. ಹನೂರಿನಲ್ಲಿ ಒಂದು ಮನೆ ಸಸಾರಕ್ಕೆ ಸಿಗುತ್ತಿತ್ತು. ಅಲ್ಲಿ ಒಂದು ಮೊಳ ಹಾರೆ ಇಳಿಯುವಷ್ಟರಲ್ಲಿ ಬಂಡೆ. ಗುಂಡಿಯೇ ಆಗುವುದಿಲ್ಲ. ಯಳಂದೂರಿನಲ್ಲಿ ಒಂದು ಮನೆ ನನಗೆ ಒಪ್ಪಿಗೆಯಾಗಿತ್ತು, ತವರಿಗೂ ಹತ್ತಿರ. ಆದರೆ ಅದು ಮೈಸೂರು ಸೀಮೆ, ಕೊಳ್ಳೇಗಾಲ ಮದರಾಸಿಗೆ ಸೇರಿದ್ದು. ಗಡಿ ಆಚೆ ಹೋದವರಿಗೆ ನೂಲು ಕೊಡುವುದಿಲ್ಲ ಎಂದು ನಮ್ಮ ಸಾವುಕಾರ ಹೇಳಿಬಿಟ್ಟ. ನೂಲು ಇಲ್ಲದೆ ಮನೆ ತಗೊಂಡು ಏನು ಮಾಡುವುದು?

ಯುಗಾದಿ ಕಳೆದ ಮೇಲೆ ಮೇಲಿನ ಬೀದಿಯ ಕೊನೆಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಯಜಮಾನರು ಲಿಂಗ ಕಟ್ಟುವವರು, ವಯಸ್ಸಾದ ಗೌಡರು. ಹೊಲವೆಲ್ಲ ಕುಂತೂರಿನ ಕಡೆ ಇತ್ತು, ಮಕ್ಕಳು ಅಲ್ಲೇ ಮನೆ ಕಟ್ಟಿಕೊಂಡಿದ್ದರು. ನಾವು ಹೋದಾಗ ಆಗಲೇ ಎರಡು ಮನೆಯವರು ಬಂದು ನೋಡಿ ಹೋಗಿದ್ದರು. ಅವರಿಗೆ ಮನಸ್ಸಿರಲಿಲ್ಲ. ಕಾರಣ, ಪಡಸಾಲೆಯ ನಡುವೆಯೇ ಹಗೇವು ಇತ್ತು. ನೆಲದೊಳಗೆ ಆಳುದ್ದ ತೋಡಿ, ಸುತ್ತ ಹುಲ್ಲು ಕೊಟ್ಟು, ರಾಗಿ ತುಂಬಿ ಬಾಯಿಗೆ ಮಣ್ಣು ಮುಚ್ಚುವ ಗುಂಡಿ ಅದು. ಮಗ್ಗದ ಜನಕ್ಕೆ ಹೊಲ ಇಲ್ಲ, ಹಗೇವು ಗೊತ್ತಿಲ್ಲ. ಮನೆ ಟೊಳ್ಳು, ಇವತ್ತಲ್ಲ ನಾಳೆ ಕುಸಿಯುತ್ತದೆ ಎಂದುಕೊಂಡರು.

ನನ್ನ ತವರು ಅಗರದ ಹತ್ತಿರ. ನಮ್ಮಪ್ಪನಿಗೆ ಮಗ್ಗದ ಜೊತೆ ಎರಡು ತಾಕು ಹೊಲವೂ ಇತ್ತು. ಹಗೇವಿನ ರಾಗಿ ತಿಂದೇ ನಾನು ಬೆಳೆದದ್ದು. ಗೌಡರು ಮನೆ ಮಾರುವವರಾದ್ದರಿಂದ ಆ ವಾರವೇ ಹಗೇವು ತೆಗೆದು ರಾಗಿಯನ್ನು ಹಿತ್ತಲಲ್ಲಿ ಹರಡಿದ್ದರು. ನನ್ನ ಗಂಡ ತೊಲೆ ನೋಡುತ್ತಿದ್ದರು. ನಾನು ಹಿತ್ತಲಿಗೆ ಹೋಗಿ, ತಳದ ರಾಗಿ ಯಾವುದು ಎಂದು ಕೇಳಿ, ಒಂದು ಹಿಡಿ ಮೂಸಿ ಬಾಯಿಗೆ ಹಾಕಿಕೊಂಡೆ.

“ಎಲ್ರೂ ತೊಲೆ ನೋಡ್ಬುಟ್ಟು ಓದ್ರು. ನೀನ್ಯಾಕವ್ವ ರಾಗಿ ಮೂಸ್ತಾ ಇದ್ದಯ್?” ಅಂದರು ಗೌಡರು.

ಎಷ್ಟು ವರ್ಷದ್ದು ಎಂದು ಕೇಳಿದೆ. ಮೂರು ವರ್ಷದ್ದಂತೆ. ಮುಗ್ಗಲು ವಾಸನೆ ಇರಲಿಲ್ಲ, ಕಾಳು ಕಪ್ಪಾಗಿರಲಿಲ್ಲ. ಹಗೇವಿನ ಬಾಯಲ್ಲಿ ಬೋರಲು ಮಲಗಿ ಒಳಗೆ ಕೈ ಬಿಟ್ಟು ಗೋಡೆ ಸವರಿದೆ. ಕೈಗೆ ಪುಡಿ ಹತ್ತಿತು, ಕೆಸರಲ್ಲ.

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಎದ್ದು ನಿಂತು ಗೌಡರ ಮುಂದೆಯೇ ಗಂಡನಿಗೆ ಹೇಳಿದೆ: “ಮೂರು ಮಳೆ ಕಂಡ್ರೂ ತಳದ ರಾಗಿ ಕೆಟ್ಟಿಲ್ಲ. ಇಲ್ಲಿ ಸೊಂಟದುದ್ದ ತೋಡುದ್ರೂ ನೀರು ಬರದಿಲ್ಲ.”

ಗೌಡರು ನನ್ನ ಮುಖ ನೋಡಿದರು. ಅದುವರೆಗೆ ಹಗೇವು ಮನೆಗೆ ಒಂದು ಕುಂದು ಎಂದುಕೊಂಡಿದ್ದವರು ಅವರು. ನಾಳೆ ಹೇಳುತ್ತೇನೆ ಎಂದು ಕಳಿಸಿದರು. ನಮ್ಮ ಬೀದಿಯಲ್ಲೇ ಮೂರು ಮಗ್ಗ ಇಟ್ಟಿದ್ದವನೊಬ್ಬನಿದ್ದ. ಮೊದಲು ಮನೆ ನೋಡಿ ಬೇಡ ಎಂದು ಹೋಗಿದ್ದ ಇಬ್ಬರಲ್ಲಿ ಅವನೂ ಒಬ್ಬ. ಸಂಜೆಯೊಳಗೆ ಮಾತು ಅವನ ಕಿವಿಗೆ ಬಿತ್ತು. ಅವನ ಗುಂಡಿಗಳಿಗೂ ನೀರು ಬರುತ್ತಿತ್ತು. ಮರುದಿನ ನಾವು ಹೋಗುವಷ್ಟರಲ್ಲಿ ಅವನು ಗೌಡರ ಜಗಲಿ ಮೇಲೆ ಕೂತು, ನಾವು ಕೊಡಲಾರದಷ್ಟು ಬೆಲೆ ಹೇಳಿದ್ದ. ನನ್ನನ್ನು ನೋಡಿ ನಕ್ಕ.

“ಬಾ ಅಕ್ಕಯ್ಯ. ನೀನು ಮೂಸಿ ಕೊಟ್ಟೆ, ನಾನು ತಕತೀನಿ.”

ನನ್ನ ಗಂಡ ಹೊರಡೋಣ ಎಂದರು. ಅಷ್ಟರಲ್ಲಿ ಗೌಡರು ಒಂದು ಮಾತು ಹೇಳಿದರು. ಒಳಕೋಣೆಯಲ್ಲಿ ಅವರ ಹೆಂಡತಿ ಮಲಗಿದ್ದರು. ಬಿದ್ದು ಸೊಂಟ ಮುರಿದಿತ್ತು. ಗಾಡಿಯಲ್ಲಿ ಕೂರಿಸಿದರೆ ಕುಂತೂರು ಮುಟ್ಟುವ ಮುಂಚೆ ಜೀವ ಹೋಗುತ್ತದೆ. ಆಕೆ ಇರುವವರೆಗೆ ಇಬ್ಬರಿಗೂ ಆ ಕೋಣೆ ಬಿಡಬೇಕು. ಯಾರು ಬಿಡುತ್ತಾರೋ ಅವರಿಗೆ ಮನೆ.

“ನಮ್ಗೆ ಸೂತಕ ಗೀತಕ ಇಲ್ಲ ಕಣವ್ವ. ತಕೊಳೋರ್ಗೆ ಅದ. ಅದ್ಕೇ ಮೊದ್ಲೇ ಹೇಳ್ತಾ ಇವ್ನಿ.”

ಮೂರು ಮಗ್ಗದವನ ನಗು ನಿಂತಿತು. ಆಕೆ ಕೆಟ್ಟ ನಕ್ಷತ್ರದಲ್ಲಿ ಹೋದರೆ ಬಾಗಿಲಿಗೆ ಮುಳ್ಳು ಹಾಕಿ ಮೂರು ತಿಂಗಳು ಮನೆ ಬಿಡಬೇಕು. ಹೊಸ ಮನೆಯಲ್ಲಿ ಮೊದಲ ಹಾಲು ಉಕ್ಕಿಸಿ ಆಮೇಲೆ ಹೆಣ ಎತ್ತುವುದೇ ಎಂದ. ಹೆಂಗಸರನ್ನು ಕೇಳಿ ಬರುತ್ತೇನೆ ಎಂದು ಎದ್ದು ಹೋದ. ನಾನು ಯಾರನ್ನೂ ಕೇಳಲಿಲ್ಲ. ಕೆಳಗಿನ ಬೀದಿಯ ಮನೆಯಲ್ಲಿ ನನ್ನ ಎರಡು ಮಕ್ಕಳು ತೀರಿಹೋಗಿದ್ದವು. ಯಾವ ನಕ್ಷತ್ರ ಎಂದು ಯಾರೂ ನೋಡಿರಲಿಲ್ಲ, ಚಿಕ್ಕವು ಎಂದು. ಇರಲಿ ಬಿಡಿ ಎಂದೆ. ನಾವು ಹೇಳಿದ ಬೆಲೆಗೇ ಗೌಡರು ಎಲೆ ಅಡಿಕೆ ಕೊಟ್ಟರು. ಆ ವಾರವೇ ಕಚೇರಿಯಲ್ಲಿ ರಿಜಿಸ್ಟರ್ ಆಯಿತು. ಆಕೆಯ ವಿಷಯ ಪತ್ರದಲ್ಲಿ ಬರೆಸಲಿಲ್ಲ. ಬಾಯಿಮಾತು.

ಹಗೇವನ್ನು ಅರ್ಧ ಮುಚ್ಚಿ, ಉಳಿದದ್ದನ್ನೇ ಮಗ್ಗದ ಗುಂಡಿ ಮಾಡಿಕೊಂಡೆವು. ಗೌಡರು ಹೊಲಕ್ಕೆ ಹೋದ ದಿನ ಆಕೆಯ ಮೈ ತೊಳೆಯುವುದು, ಮಗ್ಗಲು ಬದಲಾಯಿಸುವುದು ನನ್ನ ಪಾಲಿಗೆ ಬರುತ್ತಿತ್ತು. ಮಾಡಿದೆ. ಆಕೆಯ ಮೇಲೆ ನನಗೆ ಪ್ರೀತಿ ಇತ್ತು ಎಂದು ಹೇಳಲಾರೆ, ಬೇಸರವೂ ಇರಲಿಲ್ಲ. ಲಾಳಿಯ ಸದ್ದು ನಿಂತರೆ ಯಾಕೆ ನಿಂತಿತು ಎಂದು ಒಳಗಿಂದ ಕೇಳುತ್ತಿದ್ದರು. ಒಂದು ದಿನ ಕೇಳಿದರು: “ನಾನು ಯಾವಾಗ ಸಾಯ್ತೀನಿ ಅಂತ ಕಾಯ್ತಾ ಇದ್ದಯಾ?”

“ಇಲ್ಲ. ಮಗ್ಗ ನಡೀತಾ ಅದಲ್ಲ. ನೀವು ಇದ್ರೂ ಒಂದೆ, ಓದ್ರೂ ಒಂದೆ.”

ಆಕೆಗೆ ನಗು ಬಂತು. ನಕ್ಕರೆ ಸೊಂಟ ನೋಯುತ್ತದೆ ಎಂದು ನನ್ನನ್ನೇ ಬೈದರು.

ಆಶ್ವೀಜದಲ್ಲಿ ಮೋಡ ಕಟ್ಟಿದ ದಿನಗಳಲ್ಲೇ ಹೋದರು. ಮಕ್ಕಳು ಬಂದು ಕುಂತೂರಿನ ಹೊಲಕ್ಕೆ ಒಯ್ದು ಮಣ್ಣು ಮಾಡಿದರು. ಗೌಡರೂ ಅವರ ಜೊತೆ ಊರಿಗೆ ಹೊರಟುಹೋದರು. ನಮ್ಮ ಪುರೋಹಿತರು ಪಂಚಾಂಗ ನೋಡಿ, ನಕ್ಷತ್ರ ಕೆಟ್ಟದ್ದು, ಮೂರು ತಿಂಗಳು ಮನೆ ಬಿಡಿ ಎಂದರು. ಕೆರೆಗೆ ನೀರು ಬರಲು ಶುರುವಾಗಿತ್ತು. ಮೂರು ತಿಂಗಳಿಗೆ ಜಾಗ ಸಿಗುವುದಾದರೆ ಕೆಳಗಿನ ಬೀದಿಯಲ್ಲೇ. ನನ್ನ ಗಂಡ ಹೆದರಿದರು. ಮಗ್ಗ ಬಿಚ್ಚುವುದಕ್ಕೆ ಹಗ್ಗ ಸಡಿಲ ಮಾಡಿದ್ದರು.

ನಾನು ಹೇಳಿದೆ: “ಆ ಮುದುಕಿ ನಿಮ್ಮ ಕಾಲಿಗೆ ಬರದಿಲ್ಲ. ಕೆಳಗಿನ ಬೀದಿ ನೀರು ಬರ್ತದ.”

ಅವರು ಹೊರಗೆ ಹೋಗಿ ಜಗಲಿ ಮೇಲೆ ಕೂತರು. ಆಮೇಲೆ ಒಳಗೆ ಬಂದು ಹಗ್ಗ ಬಿಗಿದು ಗುಂಡಿಗೆ ಕಾಲು ಇಳಿಬಿಟ್ಟರು. ಬಾಗಿಲಿಗೆ ನಾವು ಮುಳ್ಳು ಹಾಕಲಿಲ್ಲ.

ಆ ವರ್ಷ ಕೆರೆ ಕೋಡಿ ಬಿತ್ತು. ಗುಂಡಿಗೆ ಒಂದು ಹನಿ ಬರಲಿಲ್ಲ. ಬೀದಿಯವರು ಒಳಗೆ ಬರುವುದನ್ನು ಬಿಟ್ಟರು. ಸಾವುಕಾರನ ಆಳು ಬೀದಿಯಲ್ಲೇ ನಿಂತು ಸೀರೆ ಇಸಿದುಕೊಂಡು ನೂಲನ್ನು ಜಗಲಿ ಮೇಲೆ ಇಟ್ಟು ಹೋಗುತ್ತಿದ್ದ. ಗಂಡನ ಕಾಲಿನ ಗಾಯ ಮಾಗಿತು. ಎರಡು ಬೆರಳು ಹೋದದ್ದು ಹೋಯಿತು.

ಮೂರು ತಿಂಗಳಾದ ಮೇಲೆ ಮೊದಲು ಹೊಸಲು ದಾಟಿದವನು ಮೂರು ಮಗ್ಗದವನೇ. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. ನೆಟ್ಟಗೆ ಗುಂಡಿಯ ಹತ್ತಿರ ಹೋಗಿ, ಬಗ್ಗಿ, ಕೈ ಇಳಿಬಿಟ್ಟು ಮಣ್ಣು ಮುಟ್ಟಿ ನೋಡಿದ. ಕೈಗೆ ಹತ್ತಿದ್ದು ಪುಡಿ. ಕೂತುಕೋ ಎಂದು ನಾನು ಹೇಳಲಿಲ್ಲ.