ಎಲೆಕ್ಟಿವ್ ಕ್ಲಾಸಿನ ಪರದೆಯಲ್ಲಿ ನಮ್ಮ ಅಕ್ಕ

ಇದೊಂದು ಕೇಳಿ ಮಾರಾಯ್ರೆ. ಸುಸ್ಥಿರ ಅಭಿವೃದ್ಧಿ ಎಂಎಯಲ್ಲಿ ಇವತ್ತು ನಮಗೆ ಎಲೆಕ್ಟಿವ್ ಪೇಪರ್ ಆರಿಸುವ ದಿನ. ಸರ್‌ಗಳೆಲ್ಲ ಬಂದು ತಮ್ಮ ತಮ್ಮ ಪೇಪರಿನ ಬಗ್ಗೆ ಹೇಳುವುದು. ‘ಪರಿಸರ ಮತ್ತು ಆರೋಗ್ಯ’ದ ಸರ್ ಒಂದು ಫೋಟೋ ಹಾಕಿದರು.

"ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದರ ಪರಿಣಾಮ. ಪಾಪ, ಈ ಮಗುವಿಗೆ ಯಾರ ಗುರುತೂ ಸಿಗುವುದಿಲ್ಲ."

ನೋಡಿದರೆ ನಮ್ಮ ಅಕ್ಕ! ಕುಂಬ್ಡಾಜೆಯ ನಮ್ಮದೇ ಮನೆಯ ಜಗಲಿ, ಹಿಂದೆ ಹಗ್ಗದಲ್ಲಿ ನನ್ನ ಚೂಡಿದಾರ. ಮಗು ಅಂತೆ, ಅವಳಿಗೆ ಮೂವತ್ತು ದಾಟಿತು.

ಎದ್ದು ನಿಂತೆ. "ಸರ್, ಅದು ನನ್ನ ಅಕ್ಕ. ಅವಳಿಗೆ ಮನೆಯವರೆಲ್ಲರ ಗುರುತು ಉಂಟು. ನನ್ನನ್ನು ಕಂಡರೆ ಮಾತ್ರ ನಗುವುದು."

ಸರ್ ಮುಖ ಅರಳಿತು.

"ಹೌದಾ? ಒಳ್ಳೆದಾಯ್ತು. ಫೀಲ್ಡ್ ವಿಸಿಟಿಗೆ ಇನ್ನು ಪರ್ಮಿಷನ್ ಕೇಳುವ ಕಷ್ಟ ಇಲ್ಲ."

ನಾನು ಕಸ ನಿರ್ವಹಣೆ ಪೇಪರ್ ತೆಗೆದುಕೊಂಡು ಹೊರಗೆ ಬಂದೆ.

ಆ ಫೋಟೋ ತೆಗೆಯಲಿಕ್ಕೆ ಹೋದ ವರ್ಷ ನಮ್ಮಲ್ಲಿಗೆ ಬಂದದ್ದು ಇದೇ ಸರ್. ಕ್ಯಾಮೆರಾದ ಪಕ್ಕ ನಿಂತು ಅಕ್ಕನನ್ನು ನಗಿಸಿದವಳು ನಾನು. ಆಮೇಲೆ ಅವರಿಗೆ ಲಿಂಬೆ ಶರಬತ್ತು ಮಾಡಿ ಕೊಟ್ಟವಳೂ ನಾನೇ.

ಈಗ ಹೇಳಿ, ಯಾರ ಗುರುತೂ ಸಿಗದಿರುವುದು ಯಾರಿಗೆ?